ಎರಡನೇ ಡಿಸ್ಕಿನ ಹೊಸ್ತಿಲು

ಮದುವೆ ವಿಡಿಯೋವನ್ನು ಎಲ್ಲಿ ಕಡಿಯಬೇಕು ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೊಂಬತ್ತೊಂಬತ್ತರಲ್ಲಿ ನಮ್ಮ ಸಿಂಧನೂರಿನ ಬಜಾರಿನಲ್ಲಿ ಸಿಡಿ ಬರೆಯುವ ಯಂತ್ರ ಮೊದಲು ತಂದವನೇ ನಾನು. ಒಂದು ಡಿಸ್ಕು ಹಿಡಿಯುವುದು ಎಪ್ಪತ್ನಾಲ್ಕು ನಿಮಿಷ. ನಮ್ಮ ಜನರ ಮದುವೆ ಎರಡು ಗಂಟೆಗಿಂತ ಕಡಿಮೆಗೆ ಮುಗಿಯುವುದೇ ಇಲ್ಲ. ಹಾಗಾಗಿ ಎರಡು ಡಿಸ್ಕು. ಮೊದಲನೆಯದು ಎಲ್ಲಿ ಮುಗಿಯಬೇಕು, ಎರಡನೆಯದು ಎಲ್ಲಿಂದ ಶುರುವಾಗಬೇಕು ಎಂದು ಒಂದು ಪುಟ್ಟ ಫೈಲಿನಲ್ಲಿ ನಿಮಿಷ, ಸೆಕೆಂಡು ಬರೆದು ಕೊಡಬೇಕು. ಲೇಔಟ್ ಫೈಲು ಅಂತ ಅದರ ಹೆಸರು. ಕಡಿದ ಜಾಗದಲ್ಲಿ ಕಂಪ್ಯೂಟರಿನ ಆ ದರಿದ್ರ ಪ್ರೋಗ್ರಾಮು ಏಳೆಂಟು ಸೆಕೆಂಡು ನುಂಗಿಬಿಡುತ್ತಿತ್ತು. ಅದಕ್ಕೇ ಕೆಲಸಕ್ಕೆ ಬಾರದ ಜಾಗ ನೋಡಿ ಕಡಿಯುತ್ತಿದ್ದೆ. ತಾಳಿಯ ಹತ್ತಿರ ಎಂದೂ ಕತ್ತರಿ ಆಡಿಸಿದವನಲ್ಲ.

ಇಷ್ಟೆಲ್ಲ ಮಾಡಿದರೂ ಆ ವರ್ಷವೇ ಹುಸೇನಪ್ಪ ಕಾಕಾ ಎರಡೂ ಡಿಸ್ಕುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ವಾಪಸು ಬಂದ. ಜವಳಗೇರಾದ ಕಾಲುವೆ ಗೇಟು ಕಾಯ್ದು ನಿವೃತ್ತನಾದವನು. ಅವನ ಮಗನ ಮದುವೆಯನ್ನು ತೊಂಬತ್ತೊಂದರಲ್ಲಿ ಮಸ್ಕಿಯಲ್ಲಿ ಶೂಟ್ ಮಾಡಿದವನೂ ನಾನೇ, ಆ ಹಳೇ ಕ್ಯಾಸೆಟ್ಟನ್ನು ಈಗ ಡಿಸ್ಕಿಗೆ ಇಳಿಸಿ ಕೊಟ್ಟವನೂ ನಾನೇ.

"ಗ್ಯಾನಪ್ಪ, ಇದು ಸರಿ ಇಲ್ಲೋ ತಮ್ಮಾ" ಅಂದ.

"ಏನು ಸರಿ ಇಲ್ರಿ ಕಾಕಾ? ಎರಡು ಸಲ ಕರೆಂಟ್ ಹೋಗಿ ಎರಡು ಡಿಸ್ಕ್ ಸುಟ್ಟಾವ. ಮೂರನೇ ಸಲಕ್ಕ ಬರದು ಕೊಟ್ಟೀನಿ. ತಾಳಿ ಐತಿ, ಅಕ್ಕಿಕಾಳು ಐತಿ, ಲಿಂಗಸುಗೂರು ಬೀಗರ ಊಟ ಸೈತ ಐತಿ. ಇನ್ನೇನು ಬೇಕ್ರಿ?"

ಅವನು ನೆಲ ನೋಡಿದ. "ಹೊಸ್ತಿಲದಾಗ ಹೆಸರು ಹೇಳಿದ್ದು ಹೋಗೈತಿ."

ಯಾರ ಹೆಸರು ಎಂದು ಕೇಳುವಷ್ಟರಲ್ಲಿ ನನಗೇ ನೆನಪಾಯಿತು. ಮದುಮಕ್ಕಳು ಮನೆಗೆ ಬಂದಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಪ್ರಾಸ ಹೊಂದಿಸಿ ಒಡಪು ಕಟ್ಟಿ ಹೇಳುವ ತನಕ ಒಳಗೆ ಬಿಡುವುದಿಲ್ಲ. ಅವತ್ತು ಹೊಸ ಜೋಡಿ ಹೇಳಿ ಮುಗಿಸಿದ ಮೇಲೆ ಹಳೇ ಜೋಡಿಗೂ ಗಂಟು ಬಿದ್ದಿದ್ದರು. ಕಾಕಾನ ಹೆಂಡತಿ ಪಕೀರಮ್ಮ ಸೆರಗು ಬಾಯಿಗಿಟ್ಟುಕೊಂಡು ಒಂದು ಒಡಪು ಹೇಳಿದ್ದಳು. ನಾನು ಕಡಿದದ್ದು ಸರಿಯಾಗಿ ಅಲ್ಲೇ. ಎಲ್ಲರೂ ಸುಮ್ಮನೆ ನಿಂತಿದ್ದಾರೆ, ಹೆಂಗಸರ ಹರಟೆ, ಹೋದರೆ ಹೋಗಲಿ ಅಂದುಕೊಂಡಿದ್ದೆ.

"ಮೂವತ್ತೆಂಟು ವರ್ಷದಾಗ ಅಕಿ ನನ್ನ ಹೆಸರು ಹೇಳಿದ್ದು ಅದೊಂದ ಸಲ" ಅಂದ ಕಾಕಾ. "ಹೋದ ವರ್ಷ ಹೋಗಿಬಿಟ್ಲು. ಅಕಿ ದನಿ ಮತ್ತೆಲ್ಲೂ ಇಲ್ಲ."

ನನಗೆ ಮೈಯೆಲ್ಲ ಉರಿಯಿತು. ಅವನ ಮೇಲಲ್ಲ, ನನ್ನ ಮೇಲೆ. ಆದರೆ ಬೈದದ್ದು ಅವನಿಗೇ. "ಮೊದಲ ದಿನಾನ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿಮಗ? ಕಂಪ್ಯೂಟರಿನಾಗ ಇದ್ದದ್ದು ಅಳಿಸಿ ಬ್ಯಾರೇವರ ಮದುವಿ ತುಂಬೀನಿ. ಈಗ ಮತ್ತ ಆ ಕ್ಯಾಸೆಟ್ಟ ಓಡಿಸಬೇಕು!"

ಆ ಕ್ಯಾಸೆಟ್ಟಿನ ಸ್ಥಿತಿ ನನಗೆ ಗೊತ್ತಿತ್ತು. ಟೇಪಿನ ಅಂಚಿಗೆಲ್ಲ ಬಿಳಿ ಬೂಷ್ಟು. ಹೋದ ಸಲವೇ ವಿಸಿಆರ್ ಎರಡು ಕಡೆ ಅಗಿದಿತ್ತು. ಇನ್ನೊಮ್ಮೆ ಓಡಿದರೆ ಓಡಿತು, ಹರಿದರೆ ಪಕೀರಮ್ಮನ ದನಿ ಅಲ್ಲಿಗೆ ಮುಗಿಯಿತು.

"ಹರಿದ್ರ ನನ್ನ ಬೈಬ್ಯಾಡ್ರಿ" ಅಂದೆ.

"ಬೈಯಂಗಿಲ್ಲ" ಅಂದ. ಅಷ್ಟು ಮೆತ್ತಗೆ ಹೇಳಿದ್ದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಹತ್ತಿಗೆ ಸ್ಪಿರಿಟ್ ಹಚ್ಚಿ ವಿಸಿಆರಿನ ಹೆಡ್ ಒರೆಸಿ ಕ್ಯಾಸೆಟ್ ಹಾಕಿದೆ. ಒಂದು ಗಂಟೆ ಹನ್ನೆರಡನೇ ನಿಮಿಷಕ್ಕೆ ಚಿತ್ರ ಮೇಲೆ ಕೆಳಗೆ ಉರುಳಿತು, ಒಳಗಿನಿಂದ ಕಿರ್ರ್ ಎಂದು ಸದ್ದು ಬಂತು. ನಾನು ಎಜೆಕ್ಟ್ ಗುಂಡಿಯ ಮೇಲೆ ಬೆರಳಿಟ್ಟು ಕೂತೆ. ಕಾಕಾ ಕಣ್ಣು ಮುಚ್ಚಿಕೊಂಡಿದ್ದ. ಟೇಪು ಒದ್ದಾಡುತ್ತಲೇ ಮುಂದಕ್ಕೆ ಹೋಯಿತು.

ಈ ಸಲ ಫೈಲಿನಲ್ಲಿ ಅಂಕಿಗಳನ್ನು ಎರಡೆರಡು ಸಲ ನೋಡಿ ಬರೆದೆ. ಮದುಮಕ್ಕಳು ಬಸ್ಸು ಇಳಿಯುವಾಗ ಮೊದಲನೇ ಡಿಸ್ಕು ಮುಗಿಯಲಿ, ಹೊಸ್ತಿಲು ಇಡಿಯಾಗಿ ಎರಡನೆಯದರಲ್ಲಿ ಬರಲಿ. ಬರೆಯುವ ಅರ್ಧ ಗಂಟೆ, ಕರೆಂಟಿನ ಮೇಲೆ ಭಾರ ಬೀಳದಿರಲಿ ಎಂದು ಫ್ಯಾನು ಬಂದ್ ಮಾಡಿ, ಇಬ್ಬರೂ ಬೆವತುಕೊಂಡು ಕೂತೆವು. ಕರೆಂಟಿಗೆ ಅವತ್ತು ಅದೇನು ಬುದ್ಧಿ ಬಂತೋ, ಹೋಗಲಿಲ್ಲ.

ಎರಡನೇ ಡಿಸ್ಕನ್ನು ಪ್ಲೇಯರಿಗೆ ಹಾಕಿ ಟೀವಿ ಹಚ್ಚಿದೆ. ಹೊಸ್ತಿಲಿನಲ್ಲಿ ಪಕೀರಮ್ಮ ಸೆರಗು ಸರಿಸಿ, ಎಲ್ಲರನ್ನೂ ಒಮ್ಮೆ ಗದರಿಸಿಕೊಂಡು, ಒಂದೇ ಉಸಿರಿಗೆ ಹೇಳಿದಳು.

"ಗೇಟು ಎತ್ತಿದ್ರ ಬರತೈತಿ ಜವಳಗೇರಿಗೆ ನೀರು, ಹುಸೇನಪ್ಪನ ಹೆಸರು ಹೇಳೀನಿ, ದಾರಿ ಬಿಡ್ರೆವ್ವಾ ಚೂರು!"

ಹೆಂಗಸರು ಹೋ ಎಂದರು. "ಈಗ ಮಾವನ ಪಾಳಿ! ಹೇಳ್ರಿ, ಹೇಳ್ರಿ!" ತೆರೆಯ ಮೇಲಿನ ಕರಿ ಮೀಸೆಯ ಹುಸೇನಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು, ಹಿಂದಿನವರನ್ನು ತಳ್ಳಿ ಜಾರಿಕೊಂಡುಬಿಟ್ಟ. ಪಕೀರಮ್ಮ ಅವನು ಹೋದ ಕಡೆ ನೋಡುತ್ತಾ ಸ್ವಲ್ಪ ಹೊತ್ತು ನಿಂತಳು. ಅದನ್ನು ನಾನೇ ಹಿಡಿದಿದ್ದೆ, ಎಂಟು ವರ್ಷ ಕಣ್ಣಿಟ್ಟು ನೋಡಿರಲಿಲ್ಲ.

ನಿಲ್ಲಿಸಲು ಕೈ ಚಾಚಿದೆ. ಕಾಕಾ ಸ್ಟೂಲಿನಿಂದ ಎದ್ದ. ಅಂಗಡಿಯಲ್ಲಿ ಮೂರ್ನಾಲ್ಕು ಗಿರಾಕಿಗಳು ನಿಂತಿದ್ದರು. ಅವರೆದುರೇ, ಟೀವಿಗೆ ಮುಖ ಮಾಡಿ, "ಪಕೀರಮ್ಮ" ಅಂದ. ಒಡಪು ಕಟ್ಟಲು ಬಾಯಿ ತೆರೆದ, ಏನೂ ಹೊಳೆಯಲಿಲ್ಲ. ಮತ್ತೆ ಬರೀ "ಪಕೀರಮ್ಮ" ಅಂದ.

"ಕೇಳಿಸ್ತೇನು?"

"ಕೇಳಿಸ್ತ್ರಿ ಕಾಕಾ" ಅಂದೆ.

ಅವನು ನನ್ನ ಕಡೆ ತಿರುಗಲಿಲ್ಲ. ಕೇಳಿದ್ದು ನನ್ನನ್ನಲ್ಲ.