ಲಾಲ್ಯಾನ ಬೆನ್ನಿನ ಹಸರ ಬಣ್ಣ

ತುಕ್ಕಾನಟ್ಟ್ಯಾಗ ನಮ್ಮ ಓಣಿ ಅಂದ್ರ ಹನ್ನೊಂದ ಮನಿ, ಐದ ನಾಯಿ, ಒಂದ ಗಟಾರ. ಮೂಗ ಮುಚ್ಚಿಕೊಂಡ್ರ ನಾತ ಕಿವ್ಯಾಗ ಹೊಕ್ಕೈತಿ.

ಐದೂ ನಾಯಿ ಎಲ್ಲಾರವು, ಯಾರವೂ ಅಲ್ಲ. ರೊಟ್ಟಿ ಹಾಕೂ ಮುಂದ "ನಮ್ಮ ಲಾಲ್ಯಾ, ಬಾರೋ" ಅಂತಾರ. ಯಾರನ್ನರ ಕಡೀತು ಅಂದ್ರ "ಯಾರದೋ ಏನೋ ಅದು". ಲಾಲ್ಯಾ ಮಲಗೂದು ನಮ್ಮ ಕಟ್ಟಿ ಮ್ಯಾಲ. ನನ್ನ ಮೊಮ್ಮಗಳು ಮೇಘಾ, ಮೂರ ವರ್ಷದ ಕೂಸು, ಅದರ ಬಾಯಾಗ ಕೈ ಹಾಕಿ ಹಲ್ಲ ಹಿಡದ ಎಳೀತಾಳ.

ಹೋದ ವರ್ಷ ನಮ್ಮ ಎಮ್ಮಿಗೆ ಎಲ್ಲಿದೋ ಹುಚ್ಚನಾಯಿ ಕಡೀತು. ತಿಂಗಳೊಪ್ಪತ್ತಿಗೆ ಜೊಲ್ಲ ಸುರಿಸಿ ಸುರಿಸಿ, ಮೇವ ಹಾಕೂ ಗ್ವಾದಲಿಗೆ ತಲಿ ಬಡಕೊಂಡ ಸತ್ತಿತು. ಆ ಜೊಲ್ಲ ಎಷ್ಟ ಅಂತೀರಿ, ಹೊಳಿಗೆ ಮಹಾಪೂರ ಬಂದಂಗ. ಅದಕ್ಕ, ನಾಯಿಗೆ ಹುಚ್ಚ ಹಿಡೀದಂಗ ಪುಗಸಟ್ಟೆ ಸೂಜಿ ಮಾಡಾಕ ಬರ್ತಾರ ಅಂತ ಮೈಕಿನ್ಯಾಗ ಒದರಿದಾಗಿಂದ ನಾ ಹಾದಿ ಕಾಯಾಕತ್ತಿದ್ನಿ.

ಬಂದಾವ ಯಮಕನಮರಡಿ ಕಡೆ ಹುಡುಗ, ಅಭಿನಂದನ ಅಂತ, ದನದ ಡಾಕ್ಟರ. ಲಾಲ್ಯಾನ್ನ ನೋಡಿ ಪೆಟ್ಟಿಗಿ ತೆಗೀಲೇ ಇಲ್ಲ.

"ಇದಕ್ಕ ಆಗೇತ್ರಿ ಆಯಿ. ಬೆನ್ನ ಮ್ಯಾಲ ನೋಡ್ರಿ ಹಸರ ಬಣ್ಣ. ಸೂಜಿ ಮಾಡಿದ ಮ್ಯಾಲ ನಾವು ಹಚ್ಚೂದು ಅದನ್ನ."

"ಯಾವಾಗ ಮಾಡ್ದಿ? ನಾ ಈ ಕಟ್ಟಿ ಬಿಟ್ಟ ಎದ್ದಿಲ್ಲ, ಬುಡಕ್ಕ ಬೇರ ಬಂದಾವು."

ಕೆರದ ನೋಡಿದ್ನಿ. ಜಿಗುಟ ಎಣ್ಣಿ ಬಣ್ಣ, ಕೂದಲ ಕಿತ್ತ ಬಂತು. ಐದೂ ನಾಯಿಗೆ ಅದ ಬಣ್ಣ. ಎದುರ ಮನಿ ಪರಪ್ಪನ ಎತ್ತಿನ ಕೋಡಿಗೂ ಅದ ಬಣ್ಣ.

"ಪರಪ್ಪಾ, ನಿನ್ನ ಎತ್ತಿಗೂ ಸೂಜಿ ಮಾಡ್ಸೀಯೇನೋ?"

ಅಂವ ಗುಟ್ಕಾ ಪಿಚಕ್ ಅಂತ ನನ್ನ ಕಾಲಮುಂದನ ಉಗುಳಿದ. "ಸೂಜಿ ಮಾಡಿದ್ರ ನಾಯಿ ಮೆತ್ತಗಾಗ್ತಾವ ಬೇ. ಹೊಲದಾಗ ಗೊಂಜಾಳದ ತೆನಿಗೆ ಹಂದಿ ಬಂದ್ರ ಬೊಗಳವರ್ಯಾರು?"

"ನೀನ ಬೊಗಳ. ದನಿ ಚಲೋ ಐತಿ."

ಡಾಕ್ಟರ ನಕ್ಕಾ. "ಒಂದಿನ ಸುಸ್ತ ಆದ್ರ ಆಗಬಹುದ್ರಿ ಕಾಕಾ. ಬೊಗಳೂದೇನ ಹೋಗಂಗಿಲ್ಲ. ಯಾರ ನಾಯಿ ಇವು? ಹಿಡೀರಿ, ಹೆಸರ ಬರಕೋತೇನಿ."

ಹೆಸರ ಅಂದಕೂಡ್ಲೆ ಮಂದಿ ಒಬ್ಬೊಬ್ಬರ ಒಳಗ ಸರದ್ರು. ದಿನಾ ತುಪ್ಪ ಸವರಿದ ರೊಟ್ಟಿ ಹಾಕೂ ಇಂದ್ರವ್ವ ಬಾಗಲಾ ಹಾಕ್ಕೊಂಡ್ಳು. ಹೆಸರ ಕೊಟ್ರ ನಾಳೆ ಕಡದಾಗ ತಮ್ಮ ಕುತ್ತಿಗಿಗೆ ಬರ್ತೈತಿ ಅಂತ.

"ಬರಕೋ ಮಗಾ. ನನ್ನ ಹೆಸರ ಉದ್ದವ್ವ. ನಾಯಿ ನಂದ," ಅಂದ್ನಿ.

ಲಾಲ್ಯಾನ್ನ ತೊಡಿ ಮ್ಯಾಲ ಒತ್ತಿ ಹಿಡದ್ನಿ. ಮೈತುಂಬ ಗಟಾರದ ರಾಡಿ, ಕಿವಿತುಂಬ ಕಡ್ಲಿ ಗಾತ್ರ ಉಣ್ಣಿ. ಸೂಜಿ ಚುಚ್ಚಿದ್ದ ಅದಕ್ಕ ಗೊತ್ತ ಆಗಲಿಲ್ಲ.

"ಉಳದ ನಾಕೂ ನನ್ನ ಹೆಸರಿಗೆ ಬರಿ," ಅಂದ್ನಿ, ಓಣಿಗೆಲ್ಲಾ ಕೇಳೂವಂಗ. "ಇವತ್ತಿಂದ ಐದೂ ನಮ್ಮ ಹಿತ್ತಲದಾಗ ಕಟ್ಟತೇನಿ. ನನ್ನ ನಾಯಿ ಯಾರ ಗೊಂಜಾಳಾನೂ ಕಾಯಂಗಿಲ್ಲ."

ಪರಪ್ಪ ಕುಂತಾವ ಎದ್ದ. "ಹಂಗ್ಯಾಂಗ ಬೇ? ಕರಿಯಾ ನಂದ. ಬರಕೋರಿ ಸಾಹೇಬ್ರ."

ಇಂದ್ರವ್ವನ ಬಾಗಲಾ ತೆರೀತು. "ಬೂದ್ಯಾ ನಮ್ಮದ್ರಿ." ಉಳದ ಎರಡಕ್ಕ ಮಂದಿ ಜಗಳಾನ ಆಡಿದ್ರು. ತಾಸಿನ್ಯಾಗ ಐದಕ್ಕೂ ಸೂಜಿ ಮುಗೀತು.

ಮೇಘಾ ನಾಯಿ ಬಾಯಾಗ ಕೈ ಹಾಕೂದನ್ನ ದಿನಾ ಎಲ್ಲಾರೂ ನೋಡಿದವರ. ಆವಾಗ ಒಬ್ಬರೂ ಏಳಲಿಲ್ಲ, ಗೊಂಜಾಳಕ್ಕ ಎದ್ರು.

"ಚಾ ಕುಡ್ಯಾಕ ಬಾ ಬೇ," ಅಂತ ಪರಪ್ಪ ಹಲ್ಲ ತೆಗದ ಕರದ.

"ನಿಮ್ಮ ಮನಿ ಚಾ ನನಗ ಇಳಿಯಂಗಿಲ್ಲೋ ಯಪ್ಪಾ," ಅಂದ್ನಿ. ಕೂಸಿನ ಕೈ ಸಬಕಾರ ಹಚ್ಚಿ ತೊಳದ ಒಳಗ ಕರಕೊಂಡ ಹೋದ್ನಿ.