ಇಪ್ಪತ್ತಮೂರನೇ ನಂಬರಿನ ಕಲ್ಲು

"ಬಗ್ಗಿ, ಬಗ್ಗಿ! ತಲೆ ತಗ್ಗಿಸ್ರೋ, ಅಪ್ಪನ ಕಾಲು ಚೌಕಟ್ಟಿಗೆ ತಗಲ್ತಿದೆ!" ಎಂದು ಅಣ್ಣ ಕೂಗಿದ.

ಹಳೇ ಜೈಲಿನ ಹೆಬ್ಬಾಗಿಲು ತುಕ್ಕು ಹಿಡಿದು ಕೂತು ಯಾವುದೋ ಕಾಲವಾಗಿತ್ತು. ಅದರೊಳಗಿನ ದಿಡ್ಡಿಬಾಗಿಲೊಂದೇ ದಾರಿ. ಬಿಳಿ ದೊರೆಗಳು ಕಟ್ಟಿಸಿದ್ದು. ಕೈದಿಯಾಗಲಿ ಕಾವಲಿನವನಾಗಲಿ ತಲೆಯೆತ್ತಿ ಒಳಗೆ ಹೋಗಬಾರದು ಅಂತಲೇ ಅಷ್ಟು ಗಿಡ್ಡ. ಹೆಣ ಹೊತ್ತ ನಾಲ್ವರೂ ನಡು ಮುರಿದುಕೊಂಡು ನುಸುಳಿದರು.

ಸತ್ತವನ ಮಗಳು ಅಣ್ಣನ ಹಿಂದೆ ನಿಂತಿದ್ದಳು. ಅಪ್ಪ ಇದೇ ಜೈಲಿನ ವಾರ್ಡರ್. ಒಳಗೆ ಸತ್ತ ಕೈದಿಗಳಿಗೆ ಗುಂಡಿ ತೋಡಿ ತೋಡಿ ಊರವರ ಬಾಯಲ್ಲಿ ಗುಂಡಿಯಪ್ಪ ಆದವನು. ತನ್ನನ್ನೂ ಅಲ್ಲೇ, ಹಿಂದಿನ ಗೋಡೆಯ ಬುಡದಲ್ಲೇ ಮಣ್ಣು ಮಾಡಬೇಕೆಂದು ಹಟ ಹಿಡಿದಿದ್ದ.

ಅಷ್ಟರಲ್ಲಿ ಬಟ್ಟೆ ಚೀಲ ಅವುಚಿಕೊಂಡ ಮುದುಕಿಯೊಬ್ಬಳು ಏದುಸಿರು ಬಿಡುತ್ತ ಬಂದಳು.

"ಇಲ್ಲಿ ವಾರ್ಡರ್ ಆಗಿದ್ರಲ್ಲ, ಅವರು ಎಲ್ಲಿ ಸಿಕ್ತಾರಮ್ಮ?"

ಮಗಳು ಬಾಗಿಲೊಳಗೆ ಮರೆಯಾಗುತ್ತಿದ್ದ ಹೆಣದ ಕಡೆ ಕೈ ತೋರಿಸಿದಳು.

"ಅಯ್ಯೋ ನನ್ನ ಹಣೆಬರಹವೇ!" ಎಂದು ಮುದುಕಿ ಅಲ್ಲೇ ಕುಸಿದಳು. ಸ್ವಲ್ಪ ಹೊತ್ತಿಗೆ ತಾನೇ ಮೂಗೊರೆಸಿಕೊಂಡಳು. "ಹೋಗ್ಲಿ ಬಿಡು, ನಮ್ಮಪ್ಪನ ಕೈದಿ ನಂಬರಾದ್ರೂ ಗೊತ್ತಲ್ಲ. ಇಪ್ಪತ್ತಮೂರು. ನಮ್ಮಪ್ಪ ಬಡಗಿ. ನೇಣುಗಂಬ ಮಾಡಿಕೊಡಲ್ಲ ಅಂದಿದ್ದಕ್ಕೆ ಅವನನ್ನೇ ಒಳಗೆ ಹಾಕಿದ್ರು. ನಮ್ಮ ಬಾವಿ ನೀರು ಒಂದು ಗುಟುಕು ಕುಡೀಬೇಕು ಅನ್ಸುತ್ತೆ ಅಂತ ಹೇಳಿ ಕಳಿಸಿದ್ದ. ಅಷ್ಟರಲ್ಲಿ ಒಳಗೇ ತೀರಿಕೊಂಡ, ಆಗ ನಂಗೆ ನಾಲ್ಕು ವರ್ಷ. ಈಗ ತಂದಿದೀನಿ."

ಈಕೆ ಯಾರೆಂದು ಮಗಳಿಗೆ ಗೊತ್ತಾಗಿತ್ತು.

*

ಮೂರು ತಿಂಗಳ ಹಿಂದೆ ಅಪ್ಪನ ಹೆಸರಿಗೆ ಕಾಗದ ಬಂದಿತ್ತು. 'ನಿಮ್ಮೊಬ್ಬರಿಗೇ ಗೊತ್ತಂತೆ. ನಮ್ಮಪ್ಪನನ್ನು ಎಲ್ಲಿ ಮಣ್ಣು ಮಾಡಿದಿರಿ ಹೇಳಿ.' ಅಪ್ಪನಿಗೆ ಆಗಲೇ ಕಣ್ಣು ಹೋಗಿತ್ತು, ನೆನಪು ಮಾತ್ರ ಕಲ್ಲಿನಷ್ಟು ಗಟ್ಟಿ.

"ಯಾರ್ದೇ ಕಾಗದ?"

"ಯಾರದೋ ಮದುವೇದು" ಎಂದು ಅಕ್ಕಿ ಡಬ್ಬದ ಹಿಂದೆ ಸಿಕ್ಕಿಸಿದ್ದಳು. ಜೈಲಿನ ಸುದ್ದಿ ಎತ್ತಿದರೆ ಸಾಕು, ಮುದುಕ ವಾರಗಟ್ಟಲೆ ಊಟ ಬಿಟ್ಟು ಗೊಣಗುತ್ತಿದ್ದ. ಅವನನ್ನು ಎತ್ತಿ ಕೂರಿಸಿ ಮಲಗಿಸಿ ಅವಳೂ ಬೆಂಡಾಗಿದ್ದಳು. ನಾಳೆ ಓದಿ ಹೇಳಿದರಾಯಿತು ಅಂದುಕೊಂಡಳು, ನಾಡಿದ್ದು ಮರೆತೇಬಿಟ್ಟಳು.

ಚಿಕ್ಕಂದಿನಲ್ಲಿ ಒಮ್ಮೆ ಅಪ್ಪ ಗೋರಿಗಳ ನಂಬರ್ ಕಲ್ಲುಗಳಿಗೆ ಸುಣ್ಣ ಬಳಿಯಲು ಅವಳನ್ನೂ ಕರೆತಂದಿದ್ದ. "ನಂಬರ್ ನಂಬಬೇಡ ಮಗಳೇ. ಒಬ್ಬ ಸತ್ರೆ ಅವನ ಅಂಗಿ, ಅವನ ನಂಬರ್ ಎರಡೂ ಮುಂದಿನೋನಿಗೆ. ಯಾವ ಕಲ್ಲಿನ ಕೆಳಗೆ ಯಾರು ಅಂತ ನಾನೊಬ್ಬನೇ ಬಲ್ಲೆ. ಕೇಳ್ಕೋ." ಒಂದೊಂದೇ ಕಲ್ಲು ಮುಟ್ಟಿ ಹೆಸರು ಹೇಳುತ್ತ ಹೋದ. ಅವಳು ಬಕೆಟ್ಟಿನೊಳಗೆ ಕೋಲಾಡಿಸುತ್ತ ಸುಣ್ಣದ ಗುಳ್ಳೆ ಎಬ್ಬಿಸುವುದರಲ್ಲೇ ಮುಳುಗಿದ್ದಳು.

*

ಅಪ್ಪನ ಮೇಲೆ ಕೊನೆಯ ಮಣ್ಣು ಬಿತ್ತು. ಮುದುಕಿ ಅಲ್ಲಿಯವರೆಗೂ ತಡೆದುಕೊಂಡಿದ್ದಳು.

"ಇಪ್ಪತ್ತಮೂರು ಎಲ್ಲಪ್ಪಾ?"

"ಯಾವ ಇಪ್ಪತ್ತಮೂರು ಅಜ್ಜಿ?" ಅಣ್ಣ ಗುದ್ದಲಿ ಒರೆಸುತ್ತ ಅಂದುಬಿಟ್ಟ. "ಮೂರಿವೆಯಲ್ಲ."

ಮುದುಕಿ ಒಂದೊಂದೇ ಕಲ್ಲಿನ ಮೇಲೆ ಬೆರಳಾಡಿಸಿದಳು. ಗೋಡೆಯ ಬದಿಗೊಂದು, ನಡುವೆ ಒಂದು, ಮೂಲೆಯಲ್ಲೊಂದು. ಒಂದೇ ಅಂಕಿ, ಒಂದೇ ಉಳಿಯ ಗೆರೆ.

"ಇದರಲ್ಲಿ ನಮ್ಮಪ್ಪ ಯಾವನು?"

ಮುದುಕಿ ಮಗಳ ಕಡೆ ತಿರುಗಿದಳು. "ತಪ್ಪು ನಂದೇ ಕಣಮ್ಮ. ಒಂದೇ ಒಂದು ಕಾಗದ ಹಾಕಿ ಸುಮ್ನೆ ಕೂತೆ. ತಲುಪಲಿಲ್ಲ ಅನ್ಸುತ್ತೆ, ಅಲ್ವಾ?"

ಹೇಳಿಬಿಡಬೇಕು ಎಂದು ಮಗಳು ಬಾಯಿ ತೆರೆದಳು.

"ತಲುಪಲಿಲ್ಲ" ಎಂದಳು. ಅಪ್ಪನ ಬದಲು ತನ್ನ ಬಾಯಿಗೆ ಮಣ್ಣು ಬೀಳಬಾರದಿತ್ತೇ ಅನ್ನಿಸಿತು.

ಮುದುಕಿ ಚೀಲದಿಂದ ಬಾಟಲಿ ತೆಗೆದಳು. ಗೋಡೆ ಬದಿಯ ಕಲ್ಲಿಗೆ ನಿಧಾನವಾಗಿ ನೀರು ಹೊಯ್ದಳು. ನಡುವಿನದಕ್ಕೆ ಕೈ ಬಿಗಿಹಿಡಿದು ಹೊಯ್ದರೂ ಬಾಟಲಿ ಜಾರಿ ನೀರು ಪೂರ್ತಿ ಚೆಲ್ಲಿಹೋಯಿತು. ಮೂಲೆಯ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಾಟಲಿ ಬೋರಲು ಹಾಕಿದಳು. ಏನೂ ಬೀಳಲಿಲ್ಲ. ಅಂಗೈಯಿಂದ ಅದರ ಬುಡ ತಟ್ಟಿದಳು, ಅಲ್ಲಾಡಿಸಿದಳು, ಮತ್ತೆ ತಟ್ಟಿದಳು.