ನಿವೃತ್ತ ಗುಮಾಸ್ತನ ಹುಗ್ಗಿ ಸೇವೆ

ಕನ್ನಡಕದ ಮೇಲೆ ಹುಗ್ಗಿಯ ಹಬೆ, ಮುಖಗಳು ಕಾಣುತ್ತಿಲ್ಲ, ಬರೀ ತಾಟುಗಳ ಹೊಳಪು, ಬಕೀಟಿನ ಹಿಡಿಕೆ ಬೆರಳನ್ನು ಕೊಯ್ಯುತ್ತಿದೆ — ಮೂವತ್ಮೂರು ವರ್ಷ ಪೆನ್ನಿಗಿಂತ ಭಾರದ್ದು ಎತ್ತದ ಕೈ ಇದು, ಫೈಲನ್ನೂ ಜವಾನ ಮಹಮ್ಮದಹನೀಫನೇ ಎತ್ತಿಡುತ್ತಿದ್ದ — ಒಂದು ಸೌಟು, ಮುಂದೆ, ಒಂದು ಸೌಟು, ಮುಂದೆ, ಶ್ರಾವಣ ಸೋಮವಾರ, ಬಾಗೇವಾಡಿಯಾಚೆಯ ಈ ಮಠದಲ್ಲಿ ಒಂದು ಪಂಕ್ತಿಗೆ ಇನ್ನೂರು ಜನ, ಇದೆಲ್ಲ ರಾಜೇಶ್ವರಿಯ ಕೆಲಸ, ನಾನು ನಿವೃತ್ತನಾದ ಮರುವಾರವೇ ಹೋಗಿ ಹೆಸರು ಬರೆಸಿ ಬಂದಳು, ಬಸಂತರಾಯ, ದಾಸೋಹ ಸೇವೆ, ಗಂಡನನ್ನು ಒಂದು ಮಾತು ಕೇಳಿದ್ದರೆ ಏನಾಗುತ್ತಿತ್ತು, ಇಷ್ಟ ದಿನಾ ಸರ್ಕಾರದ ಸೇವಾ ಮಾಡೀರಿ, ಇನ್ನ ದೇವರ ಸೇವಾ ಮಾಡ್ರಿ, ಮನ್ಯಾಗ ಕುಂತು ನನ್ನ ತಲಿ ತಿನಬ್ಯಾಡ್ರಿ ಅಂದಳು, ಈ ಮೂರರಲ್ಲಿ ಕೊನೆಯದೇ ನಿಜವಾದ ಕಾರಣ ಎಂದು ನನಗೆ ಗೊತ್ತು, ಅವಳಿಗೂ ಗೊತ್ತು. ಸೇವೆ, ಸೇವೆ — ಬೀಳ್ಕೊಡುಗೆಯ ದಿನ ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿದ್ದೆ, ಬೇರೇನೂ ಕೆಲಸವಿಲ್ಲದೆ ಎಣಿಸಿದೆ, ಆ ಮಾತು ಇಪ್ಪತ್ತಾರು ಸಲ ಬಂತು, ದೀರ್ಘ ಸೇವೆ, ಕಳಂಕವಿಲ್ಲದ ಸೇವೆ, ಜನಸೇವೆ, ಜನಸೇವೆ ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಹನೀಫನೇ ಇರಬೇಕು, ಅವನಿಗೆ ಉಬ್ಬಸವಿಲ್ಲ, ಏನೂ ಇಲ್ಲ. ಇಂಡಿ ತಾಲೂಕು ಕಚೇರಿಯಲ್ಲಿದ್ದಾಗ ಮದುವೆಯಾಯಿತು, ಸಿಂದಗಿಯಲ್ಲಿ ಕನ್ನಡಕ ಬಂತು, ಮುದ್ದೇಬಿಹಾಳದಲ್ಲಿ ಹೊಟ್ಟೆ ಬಂತು, ಬಾಗೇವಾಡಿಯಲ್ಲಿ ಶಾಲು ಹೊದಿಸಿ ಮನೆಗೆ ಕಳಿಸಿದರು, ನನ್ನ ಸೇವಾ ಪುಸ್ತಕದಲ್ಲಿ ಇಷ್ಟೇ ಇರುವುದು.

ಒಂದು ಸೌಟು, ಮುಂದೆ. ಹನೀಫ ಪ್ರತಿ ಗುರುವಾರ ಬೆಳಿಗ್ಗೆ ದರ್ಗಾ ಗುಡಿಸಿ ಕಚೇರಿಗೆ ಬರುತ್ತಿದ್ದ, ಯಾಕೋ ಮಾರಾಯಾ, ಅಲ್ಲಿ ನಿನಗ ಏನ್ ಕೊಡ್ತಾರ ಎಂದು ಕೇಳಿದ್ದೆ, ಏನೂ ಕೊಡೂದಿಲ್ರಿ ಸಾಹೇಬ್ರ, ಖಿದಮತ್ ಅಂತೀವ್ರಿ ನಾವು, ಅದರಾಗ ರಜಾನೂ ಇಲ್ಲ, ಬಡ್ತಿನೂ ಇಲ್ಲ, ಬಡ್ತಿಯೇ ಇಲ್ಲದ ಸೇವೆ ಎಂಥದ್ದು ಎಂದು ಅವತ್ತು ನಾನು ನಿಜವಾಗಿಯೂ ಕನಿಕರಪಟ್ಟೆ. ಚಿಕ್ಕಂದಿನಲ್ಲಿ ನಮ್ಮ ಮಾಸ್ತರರು ಬೆತ್ತ ತೆಗೆದು, ಬಾ, ಇವತ್ತ ನಿನ್ನ ಸೇವಾ ಮಾಡ್ತೇನಿ ಅನ್ನುತ್ತಿದ್ದರು, ಅದೊಂದು ಸೇವೆ ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ, ಅರ್ಜಿಯಿಲ್ಲದೆ, ಎರಡೂ ಕೈಗೆ ಸಿಗುತ್ತಿತ್ತು. ಇಲ್ಲಿ ಮೊದಲ ಸೋಮವಾರ ನನ್ನ ಮಾನ ಹೋಯಿತು, ಬಕೀಟಿನ ತಳ ಕಂಡದ್ದೇ ತಡ, ನಾಲಿಗೆ ತನ್ನಷ್ಟಕ್ಕೆ ತಾನೇ, ಇವತ್ತಿಂದು ಮುಗೀತು, ನಾಳಿ ಬರ್ರಿ ಅಂದುಬಿಟ್ಟಿತು, ಅಡುಗೆಯ ಮುಖ್ಯಸ್ಥ ಕಲ್ಮೇಶ ಒಳಗಿನಿಂದ ಓಡಿಬಂದ, ಸಾಹೇಬ್ರ, ಇಲ್ಲಿ ನಾಳಿ ಅನ್ನೂ ಮಾತಿಲ್ರಿ, ಒಳಗ ಕೊಪ್ಪರಿಗಿ ತುಂಬ ಐತಿ, ಎಂದು ಹೇಳಿ ಕೂಡಿಸಿಕೊಂಡು ನಿಯಮ ಹೇಳಿಕೊಟ್ಟ, ನನಗೆ, ನಿಯಮ! ಯಾರನ್ನೂ ದಾಟಿ ಹೋಗುವಂತಿಲ್ಲ, ಕಡೆಯ ತಾಟು ತುಂಬುವ ತನಕ ಮಠದ ಅಯ್ಯನವರು ಹರಹರ ಮಹಾದೇವ ಅನ್ನುವುದಿಲ್ಲ, ಅವರು ಅನ್ನುವ ತನಕ ಯಾರೂ ತುತ್ತು ಎತ್ತುವುದಿಲ್ಲ, ಮತ್ತ ಕುಂದ್ರಿಸಿ ನೀಡಬೇಕ್ರಿ, ನಿಂತವರಿಗೆ ನೀಡಿದ್ರ ಭಿಕ್ಷಾ ಆಗ್ತೈತಿ, ಪ್ರಸಾದ ಆಗೂದಿಲ್ಲ. ಒಂದು ಸುತ್ತೋಲೆಯೂ ಇಲ್ಲದೆ ಇಷ್ಟು ನಿಯಮ ನಡೆಯುತ್ತಿರುವುದನ್ನು ನಾನು ಎಲ್ಲೂ ನೋಡಿರಲಿಲ್ಲ.

ಕನ್ನಡಕ ಒರೆಸಿಕೊಂಡೆ, ಒರೆಸಿಕೊಳ್ಳಬಾರದಿತ್ತು — ಇನ್ನೂ ಹತ್ತು ತಾಟು ಆಚೆ, ಪಂಕ್ತಿಯ ಕೊನೆಯಲ್ಲಿ, ಹಸಿರು ಸೀರೆ, ಬರಿ ಹಣೆ, ಮುಂಗೈ ಮೇಲೆ ಹಚ್ಚೆಯ ಚೇಳು, ಕೊಂಡಿ ಮೇಲೆತ್ತಿದ ಚೇಳು, ಆ ಚೇಳು ನನಗೆ ಗೊತ್ತು, ಮೂರು ವರ್ಷ ನನ್ನ ಕಿಟಕಿಯ ಸಂದಿಯಿಂದ ಅರ್ಜಿ ಹಿಡಿದುಕೊಂಡು ಒಳಗೆ ಬರುತ್ತಿದ್ದ ಚೇಳು, ಹೊನ್ನವ್ವ. ಯಾವ ಊರಿನ ಕಚೇರಿ ಎಂದು ಈಗ ಯಾಕೆ, ಯಾವುದೋ ಒಂದು. ಗಂಡ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋದವನು ಅಲ್ಲೇ ತೀರಿಕೊಂಡ, ಮರಣದ ದಾಖಲೆ ಮರಾಠಿಯಲ್ಲಿತ್ತು, ವಿಧವಾ ವೇತನ ಬೇಕಾದರೆ ಕನ್ನಡದಲ್ಲಿ ತಾ ಎಂದೆ, ತಂದಳು, ಕನ್ನಡ ಮಾಡಿದವರ ಮುದ್ರೆ ಎಲ್ಲಿ ಎಂದೆ, ಹದಿನೈದು ದಿನ ಬಿಟ್ಟು ಅದನ್ನೂ ತಂದಳು, ಅಷ್ಟರಲ್ಲಿ ಫೋಟೋ ಹಳೆಯದಾಯಿತು ಎಂದೆ, ಆಗಲೂ ಚೇಳು ಸುಮ್ಮನೆ ಹಿಂದೆ ಸರಿಯಿತು, ಮತ್ತೆ ಬಂತು. ನನಗೂ ಮರಾಠಿ ಬರುತ್ತದೆ, ಮೊದಲ ದಿನವೇ ಓದಿದ್ದೆ, ಎಲ್ಲ ಸರಿಯಾಗಿಯೇ ಇತ್ತು. ಒಂದು ಪೈಸೆ ಕೇಳಿದವನಲ್ಲ ನಾನು, ಅದೇ ನನ್ನ ಹೆಮ್ಮೆ, ಬರೀ ಇಲ್ಲ ಅನ್ನುವುದರಲ್ಲಿ ಒಂದು ಸುಖವಿತ್ತು, ಅಷ್ಟೇ. ಕಿಟಕಿಯ ಹತ್ತಿರ ಒಂದು ಬೆಂಚಿತ್ತು, ಜನ ಕೂತು ಹರಟುತ್ತಾರೆಂದು ನಾನೇ ತೆಗೆಸಿದ್ದೆ, ಆಮೇಲೆ ನನಗೆ ವರ್ಗವಾಯಿತು, ಹೊಸಬರು ನೋಡ್ತಾರ ಬಿಡು ಎಂದು ಅವಳ ಫೈಲು ಕಪಾಟಿಗೆ ಹಾಕಿ ಬಂದೆ.

ಇನ್ನೂ ಆರು ತಾಟು, ಹೆದರಿಕೆಯಾಗುತ್ತಿದೆ ನನಗೆ, ಜಿಲ್ಲಾಧಿಕಾರಿಗಳ ತಪಾಸಣೆಗೂ ಹೀಗೆ ಹೆದರಿರಲಿಲ್ಲ — ವೇತನ ಬಂದಿರಬಹುದು, ಹೊಸಬ ಒಳ್ಳೆಯವನಿರಬಹುದು, ಬಂದಿದ್ದರೆ ಸಾಕು, ಒಮ್ಮೆ ಗೊತ್ತಾಗಿಬಿಟ್ಟರೆ ಸಾಕು, ಆದರೆ ಕೇಳುವುದು ಯಾವ ಬಾಯಿಂದ — ಕಲ್ಮೇಶಾ, ಕೈ ನೋಯಾಕತ್ತೈತೋ, ಒಂದೀಟು ಹಿಡಿ ಅಂದೆ, ಇನ್ನ ಐದಾರು ತಾಟ ಅಷ್ಟರಿ, ಪಂಕ್ತಿ ಅರ್ಧಕ್ಕ ಬಿಡಬಾರದ್ರಿ ಸಾಹೇಬ್ರ, ಇವನೊಬ್ಬ ಸಾಹೇಬ್ರ ಸಾಹೇಬ್ರ ಎಂದು ಇಡೀ ಮಠಕ್ಕೆ ಕೇಳುವಂತೆ! ಅವಳಿಗೆ ಕಣ್ಣಿನಲ್ಲಿ ಪೊರೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು, ಛೀ, ಮಠದಲ್ಲಿ ನಿಂತು ಇನ್ನೊಬ್ಬರ ಕಣ್ಣಿಗೆ ಪೊರೆ ಬೇಡುತ್ತಿದ್ದೇನೆ. ಒಂದು ಸೌಟು, ಮುಂದೆ, ಅವಳಿಗೆ ಎರಡು ಸೌಟು ಹಾಕೋಣ, ಮೇಲೆ ತುಪ್ಪ, ಮೂರು ವರ್ಷಕ್ಕೆ ಎರಡು ಸೌಟು ಎಂದರೆ ಕಡಿಮೆಯಾಯಿತು, ಮೂರು ಹಾಕೋಣ, ತಾಟು ತುಂಬಿ ಹೊರಗೆ ಚೆಲ್ಲಿದರೂ ಚೆಲ್ಲಲಿ, ತಲೆ ತಗ್ಗಿಸಿ ಹಾಕಿ ಹೋಗಿಬಿಡೋಣ, ಮುಂದೆ, ಮುಂದೆ.

ತಲೆ ತಗ್ಗಿಸಿದೆ, ಸೌಟು ಮುಂದೆ ಮಾಡಿದೆ, ತಾಟು ಅಲ್ಲಿಲ್ಲ. ಮೇಲೆದ್ದಿದೆ. ಹೊನ್ನವ್ವ ಎದ್ದು ನಿಂತಿದ್ದಾಳೆ, ಖಾಲಿ ತಾಟನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದುಕೊಂಡು, ಅರ್ಜಿ ಹಿಡಿಯುತ್ತಿದ್ದಳಲ್ಲ, ಹಾಗೆಯೇ. ಕುಂದ್ರಬೇ, ಕುಂದ್ರು, ಎನ್ನುತ್ತೇನೆ, ಇಲ್ರಿ ಸಾಹೇಬ್ರ, ನಿಮ್ಮ ಮುಂದ ಹ್ಯಾಂಗ ಕುಂದ್ರಲಿರಿ, ಇನ್ನೂರು ಮುಖ ಈ ಕಡೆಗೆ ತಿರುಗುತ್ತವೆ, ಹುಗ್ಗಿ ಆರುತ್ತಿದೆ, ಅಯ್ಯನವರು ಕಣ್ಣು ತೆರೆದು ನೋಡುತ್ತಾರೆ, ಕುಂದ್ರಸ್ರಿ ಸಾಹೇಬ್ರ, ಪಂಕ್ತಿ ನಿಂತೈತಿ, ಕಲ್ಮೇಶ ಕೂಗುತ್ತಾನೆ, ಕೂಡಿಸು ಅಂದರೆ ಹೇಗಪ್ಪಾ ಕೂಡಿಸಲಿ, ಮೂರು ವರ್ಷ ನಿಲ್ಲಿಸಿ ಕಲಿಸಿದ್ದು ನಾನೇ, ನಾ ಈಗ ಸಾಹೇಬ ಅಲ್ಲಬೇ ಯವ್ವಾ, ರಿಟೈರ್ ಆಗೇನಿ, ನನ್ನ ಕೈಯಾಗ ಈಗ ಏನೂ ಇಲ್ಲ, ಎಂದುಬಿಟ್ಟೆ, ಅವಳ ಮುಖ ಸಣ್ಣದಾಯಿತು, ಸಿಟ್ಟಿಲ್ಲ, ಸಿಟ್ಟಾದರೂ ಇರಬಾರದೇ — ಹಂಗಾದ್ರ ನನ್ನ ಅರ್ಜಿ ಈಗ ಯಾರ ಕಡೆ ಐತ್ರಿ? — ಯಾರ ಕಡೆ, ಕಪಾಟಿನಲ್ಲಿ, ಯಾವ ಕಪಾಟು, ಸೌಟು ಗಾಳಿಯಲ್ಲೇ ನಿಂತಿದೆ, ನಿಂತವರಿಗೆ ನೀಡುವಂತಿಲ್ಲ, ದಾಟಿ ಹೋಗುವಂತಿಲ್ಲ, ಎದುರಿಗೆ ಖಾಲಿ ತಾಟು, ತಾಟಿನ ಅಂಚಿನಲ್ಲಿ ಆ ಕೈ, ಕೈಯ ಮೇಲೆ ಚೇಳು, ಖಾಲಿ ತಾಟು, ಚೇಳು —